‘ಬ್ಯಾಟ್ರಿ ಹೋಗೇತ್ರಿ’ ಎಂಬ ಮಹಾಸುಳ್ಳು

ಬಹಳ ದಿನದ ಮೇಲೆ ಬರೀತಿದ್ದೇನೆ. ಬ್ಲಾಗುಗಳ ಕಾಲ ಮುಗೀತು ಅಂತ ಎಲ್ಲರೂ ಹೇಳ್ತಾರೆ. ಆದರೂ ನೀವು ನಾಲ್ಕೈದು ಜನ ಇನ್ನೂ ಬಂದು ಓದಿ ಹೋಗ್ತೀರಲ್ಲ, ಆ ಧೈರ್ಯದ ಮೇಲೆ ಬರೀತಿರೋದು. ಮೊದಲೇ ಹೇಳಿಬಿಡ್ತೀನಿ, ಇವತ್ತಿನದು ಮಳೆ, ಕಾಫಿ, ಕಿಟಕಿ ಪಕ್ಕದ ಸೀಟು ಇತ್ಯಾದಿ ಅಲ್ಲ. ಒಂದು ಹಳೇ ಪಿಕಪ್ ಗಾಡಿಯ ವೈರಿಂಗ್ ಬಗ್ಗೆ. ಅರ್ಧಕ್ಕೇ ಎದ್ದು ಹೋಗೋರು ಹೋಗಬಹುದು, ಆದರೆ ಬೈಗುಳದಲ್ಲಿ ನಿಮ್ಮ ಪಾಲೂ ಇದೆ ಅನ್ನೋದು ತಿಳಿದಿರಲಿ :-)

ನನ್ನ ಸೋದರಮಾವನ ಹತ್ತಿರ ಒಂದು ಪಿಕಪ್ ಇದೆ. 2011ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಗಂಗಾವತಿ ಕಡೆ ಗೊತ್ತಲ್ಲ, ನಾಟಿ ಸೀಜನ್ನಿನಲ್ಲಿ ಗೊಬ್ಬರದ ಚೀಲ ಹಳ್ಳಿಗೆ, ಸುಗ್ಗಿಯಲ್ಲಿ ಭತ್ತದ ಚೀಲ ಮಿಲ್ಲಿಗೆ. ನಡುವೆ ಕೆಲಸ ಇಲ್ಲದಾಗ ಕುಷ್ಟಗಿ ಕಡೆಯ ದಾಳಿಂಬೆ, ಯಲಬುರ್ಗಾ ಕಡೆಯ ಕಡಲೆ. ಮನೆ ನಡೆಯೋದು ಆ ಗಾಡಿಯ ಮೇಲೆ. ಮಗಳ ಕಾಲೇಜ್ ಫೀಸು ಕೂಡ ಅದರ ಟ್ರಿಪ್ಪಿನ ಲೆಕ್ಕದಲ್ಲೇ ಕಟ್ಟೋದು.

ಈ ಗಾಡಿಗೆ ನಾಲ್ಕು ತಿಂಗಳಿಂದ ಒಂದು ಕಾಯಿಲೆ. ಬೆಳಿಗ್ಗೆ ತಣ್ಣಗಿದ್ದಾಗ ಚಾವಿ ತಿರುವಿದರೆ ಹೆಚ್ಚುಕಮ್ಮಿ ಚಾಲು ಆಗುತ್ತೆ. ಲೋಡ್ ಹೇರಿ ಮೂವತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಮುಗೀತು. ‘ಕಟ್’ ಅಂತ ಒಂದು ಸದ್ದು, ಡ್ಯಾಶ್‌ಬೋರ್ಡಿನ ದೀಪ ಮಂಕಾಗೋದು, ಅಷ್ಟೇ.

ಅಂಗಡಿಗೆ ಹೋದ. ‘ಬ್ಯಾಟ್ರಿ ಹೋಗೇತ್ರಿ.’ ಹೊಸ ಬ್ಯಾಟರಿ, 7,500. ಮೂರು ವಾರ ಸರಿ ಇತ್ತು, ಮತ್ತೆ ಅದೇ ಹಾಡು. ‘ಡೈನಮೊ ಚಾರ್ಜ್ ಮಾಡವಲ್ದು.’ ಡೈನಮೊ ಬಿಚ್ಚಿ ರಿಪೇರಿ, 4,200. ಆಮೇಲೆ ಸೆಲ್ಫ್ ಮೋಟರ್, ಅದರ ಕಾರ್ಬನ್, ಬುಷ್ಷು, 3,800. ಆಮೇಲೆ ಚಾವಿ ಸ್ವಿಚ್ಚು, 1,100. ಆಮೇಲೆ, ನಗಬೇಡಿ, ಮತ್ತೆ ಬ್ಯಾಟರಿ! ‘ಪೀಸ್ ಖರಾಬ್ ಬಂದೈತ್ರಿ’ ಅಂತ ವಾರಂಟಿಯಲ್ಲಿ ಸ್ವಲ್ಪ ಮುರಿದುಕೊಂಡು ಮೇಲೆ 3,600. ಒಟ್ಟು 20,200 ರೂಪಾಯಿ. ಇದರಲ್ಲಿ ತಪ್ಪಿದ ಬಾಡಿಗೆಯ ಲೆಕ್ಕ ಇಲ್ಲ.

ಕೊನೆಗೊಂದು ರಾತ್ರಿ ಕುಷ್ಟಗಿ ಕಡೆಯಿಂದ ದಾಳಿಂಬೆ ಕ್ರೇಟು ಹೇರಿಕೊಂಡು ಬರುವಾಗ ಕನಕಗಿರಿ ಹತ್ತಿರ ಚಹಾಕ್ಕೆ ಅಂತ ನಿಲ್ಲಿಸಿದ್ದೇ ತಪ್ಪಾಯ್ತು. ಗಾಡಿ ಏಳಲೇ ಇಲ್ಲ. ತುಂಬಿದ ಗಾಡಿಯನ್ನ ನೂಕೋಕೆ ನಾಲ್ಕು ಜನ ಸಾಲಲಿಲ್ಲ. ಮಾಲಕ ಬೇರೆ ಗಾಡಿ ಕಳಿಸಿ ಮಾಲು ತಗೊಂಡು ಹೋದ, ಆ ಗಾಡಿಯ ಬಾಡಿಗೆ ಮಾಮಾನ ತಲೆಗೆ. ರಾತ್ರಿ ಹನ್ನೊಂದೂವರೆಗೆ ನನಗೆ ಫೋನು.

“ಅಳಿಯಾ, ಗಾಡಿ ಮಾರಿಬಿಡ್ತೀನಿ.”

“ಬ್ಯಾಡ ಮಾಮಾ, ಏನ್ ಆಗೇತಿ ಸರಿಯಾಗಿ ತೋರ್ಸು.”

“ತೋರ್ಸಿ ತೋರ್ಸಿ ಸಾಕಾತು. ನೀ ಇಂಜಿನಿಯರ್ ಅಲ್ಲೇನು? ನೀನಾ ಹೇಳು.”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಸ್ವಾಮಿ. ನಾಲ್ಕು ವರ್ಷ ಬಿಇ ಓದಿದ್ದೇನೆ. ಮೊದಲ ವರ್ಷದಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಅಂತ ಒಂದು ವಿಷಯ ಇತ್ತು, ಕಿರ್ಚಾಫ್‌ನ ನಿಯಮ ಬಾಯಿಪಾಠ, ಲ್ಯಾಬ್ ರೆಕಾರ್ಡಿಗೆ ಪೂರ್ತಿ ಅಂಕ. ಆದರೆ ಒಂದು ವೈರಿನ ಈ ತುದಿಗೂ ಆ ತುದಿಗೂ ಎಷ್ಟು ವೋಲ್ಟ್ ಇದೆ ಅಂತ ಜೀವಮಾನದಲ್ಲಿ ಒಮ್ಮೆಯೂ ಅಳೆದು ನೋಡಿರಲಿಲ್ಲ. ಮರುದಿನ ಎಸ್.ಪಿ. ರೋಡಿಗೆ ಹೋಗಿ ನಾನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಎರಡು ರಾತ್ರಿ ಕೂತು ಓದಿದೆ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿದೆ.

ನಮ್ಮ ಕಡೆ ಒಂದು ಮಾತಿದೆ, ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ. ಕನಕಗಿರಿಯ ಶಿಲ್ಪ ನೋಡೋಕೆ ಕಣ್ಣು ಸಾಕು. ಕನಕಗಿರಿಯಲ್ಲಿ ನಿಂತ ಪಿಕಪ್ ನೋಡೋಕೆ ಕಣ್ಣು ಸಾಲದು, ಯಾಕಂದ್ರೆ ಕರೆಂಟು ಕಣ್ಣಿಗೆ ಕಾಣೋದಿಲ್ಲ.

ಶನಿವಾರ ಏನಾಯ್ತು ಅನ್ನೋದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ನನ್ನ ಜಗಳ ಎಲ್ಲಾ ಇದರ ಮೇಲೇ ನಿಂತಿದೆ. ಹಿಂದಿನ ರಾತ್ರಿ ಬ್ಯಾಟರಿಯನ್ನ ಪೂರ್ತಿ ಚಾರ್ಜಿಗೆ ಹಾಕಿಸಿದ್ದೆ. ಬೆಳಿಗ್ಗೆ ಎರಡೂ ಕಂಬಕ್ಕೆ ಮೀಟರ್ ಇಟ್ಟರೆ 12.6 ವೋಲ್ಟ್. ಅಂದರೆ ಭರ್ತಿ. ಗಾಡಿಯನ್ನ ಊರ ಹೊರಗೆ ಒಂದು ಸುತ್ತು ಓಡಿಸಿ, ಬಿಸಿ ಮಾಡಿ ತಂದು ನಿಲ್ಲಿಸಿ, ಮಾಮಾನಿಗೆ ಸೆಲ್ಫ್ ಹೊಡಿ ಅಂದೆ. ‘ಕಟ್.’ ಆ ಹೊತ್ತಿಗೆ ಬ್ಯಾಟರಿಯ ಕಂಬದಲ್ಲಿ 11.6. ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಬ್ಯಾಟರಿಯೇ ಕೆಟ್ಟಿದ್ದರೆ ಅದರ ಕಂಬದಲ್ಲೇ ವೋಲ್ಟೇಜು 9ರ ಆಸುಪಾಸಿಗೋ ಅದಕ್ಕೂ ಕೆಳಗೋ ಕುಸಿಯಬೇಕಿತ್ತು, ಇದು ಕಲ್ಲಿನ ಹಾಗೆ ನಿಂತಿದೆ. ಆಮೇಲೆ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ಅದರ ಬಾಡಿಗೂ ನಡುವೆ ನೋಡಿದೆ. 7.2! ಬ್ಯಾಟರಿ ಕೊಡ್ತಿರೋದು 11.6, ಮೋಟರಿಗೆ ಮುಟ್ಟುತ್ತಿರೋದು 7.2. ಉಳಿದ 4.4 ವೋಲ್ಟನ್ನ ದಾರಿಯಲ್ಲಿ ಯಾರೋ ತಿಂತಿದ್ದಾರೆ. ಯಾರು? ಪ್ಲಸ್ ಕೇಬಲ್ಲಿನ ಎರಡು ತುದಿಗೆ ಇಟ್ಟರೆ 0.5. ಸ್ವಲ್ಪ ಜಾಸ್ತಿ, ಆದರೆ ಕಳ್ಳ ಅದಲ್ಲ. ಬ್ಯಾಟರಿಯ ಮೈನಸ್ ಕಂಬಕ್ಕೆ ಒಂದು ಕಡ್ಡಿ, ಇಂಜಿನ್ ಬ್ಲಾಕಿಗೆ ಇನ್ನೊಂದು ಕಡ್ಡಿ ಇಟ್ಟೆ. ಸೆಲ್ಫ್ ಹೊಡೆದಾಗ 3.9 ವೋಲ್ಟ್. ಅಲ್ಲಿ ಇರಬೇಕಾದದ್ದು ಹೆಚ್ಚೆಂದರೆ 0.2, ಹೋಗಲಿ ಅಂದ್ರೆ 0.3.

ಗಾಡಿಯ ಕೆಳಗೆ ಮಲಗಿ ನೋಡಿದ್ವಿ. ಇಂಜಿನ್ನು ಕೂತಿರೋದು ರಬ್ಬರ್ ಮೌಂಟಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯೋದಿಲ್ಲವಲ್ಲ, ಅದಕ್ಕೇ ಇಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಕಟ್ಟಿರ್ತಾರೆ. ಅರ್ಥಿಂಗ್ ಪಟ್ಟಿ. ಅದು ಹಸಿರು ಪುಡಿಯಾಗಿ ನಾಲ್ಕೈದು ಎಳೆಯ ಮೇಲೆ ಜೋತಾಡ್ತಿತ್ತು. ಹತ್ತು ವರ್ಷ ಗೊಬ್ಬರದ ಚೀಲ ಹೊತ್ತ ಗಾಡಿ ಅದು. ಸೋರಿದ ಗೊಬ್ಬರದ ಪುಡಿ, ಗದ್ದೆ ರಸ್ತೆಯ ಕೆಸರು, ಎರಡೂ ಸೇರಿ ಅಮೋನಿಯಾ ಆದಾಗ ತಾಮ್ರದ ಗತಿ ಇಷ್ಟೇ.

ಇಲ್ಲಿ ಒಂದು ತಮಾಷೆ ಕೇಳಿ. ನಾನು ಕೆಳಗೆ ಮಲಗಿದ್ದಾಗ ಮಾಮಾ ಸುಮ್ಮನೆ ಅಂದ, “ಅಳಿಯಾ, ಆಕ್ಸಿಲರೇಟರ್ ಕೇಬಲ್ಲೂ ಎರಡ್ ಸಲ ಬದ್ಲಿ ಮಾಡೀನಿ. ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿ ಹಿಡೀತೈತಿ.” ನಾಲ್ಕು ತಿಂಗಳಲ್ಲಿ ಅವನು ಇದನ್ನ ಯಾರಿಗೂ ಹೇಳಿರಲಿಲ್ಲ, ಯಾಕಂದ್ರೆ ಅದು ‘ಕರೆಂಟಿನ ವಿಷಯ’ ಅಲ್ಲವಲ್ಲ! ಆದರೆ ಅದೇ ಮುಖ್ಯ ಸಾಕ್ಷಿ. ಸೆಲ್ಫಿನ ನೂರಾರು ಆಂಪ್ ಕರೆಂಟು ವಾಪಸ್ ಬ್ಯಾಟರಿಗೆ ಬರೋಕೆ ಸರಿಯಾದ ದಾರಿ ಸಿಗದೆ, ಇಂಜಿನ್ನಿಂದ ಬಾಡಿಗೆ ಹೋಗೋ ಆ ಸಣ್ಣ ಉಕ್ಕಿನ ಕೇಬಲ್ಲಿನಲ್ಲಿ ನುಗ್ಗಿ ಅದನ್ನ ಹೀಟರ್ ಕಾಯಿಲ್ ಮಾಡಿತ್ತು.

ಹಾಗಾದ್ರೆ ಬ್ಯಾಟರಿ ಹೋಗಿದೆ ಅಂತ ಅಂಗಡಿಯವರು ಸುಳ್ಳು ಹೇಳಿದ್ರಾ? ಇಲ್ಲ. ಇದನ್ನ ನಾನು ಎರಡು ಸಲ ಯೋಚಿಸಿ ಬರೀತಿದ್ದೇನೆ. ಡೈನಮೊದ ಮೈನಸ್ಸೂ ಇಂಜಿನ್ ಬ್ಲಾಕೇ. ಅದು 14.2 ವೋಲ್ಟ್ ಹುಟ್ಟಿಸಿದ್ರೂ ಅದೇ ಕೊಳೆತ ಪಟ್ಟಿಯ ಮೂಲಕ ಮೂವತ್ತು ಆಂಪ್ ಹರಿಯುವಾಗ ಒಂದು ವೋಲ್ಟ್ ಅಲ್ಲೇ ಖರ್ಚಾಗಿ ಬ್ಯಾಟರಿಗೆ ಮುಟ್ಟೋದು 13.2. ವಾರಗಟ್ಟಲೆ ಹಾಗೇ ಅರೆಹೊಟ್ಟೆ ಉಂಡ ಬ್ಯಾಟರಿ ಸೋತೇ ಸೋಲುತ್ತೆ. ಅಂಗಡಿಯ ಹುಡುಗ ನೋಡಿದಾಗ ಬ್ಯಾಟರಿ ನಿಜಕ್ಕೂ ಇಳಿದಿತ್ತು. ಡೈನಮೊ ನಿಜಕ್ಕೂ ಸರಿಯಾಗಿ ಚಾರ್ಜ್ ಮಾಡ್ತಿರಲಿಲ್ಲ. ಅವನ ಪ್ರತಿ ಮಾತೂ ನಿಜ, ಒಟ್ಟು ಸೇರಿಸಿದರೆ ಮಹಾಸುಳ್ಳು.

ಹೊಸ ಪಟ್ಟಿ 180 ರೂಪಾಯಿ. ಬೋಲ್ಟ್ ಕೂರುವ ಜಾಗವನ್ನ ಹೊಳೆಯುವ ತನಕ ಸ್ಯಾಂಡ್ ಪೇಪರಿನಿಂದ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಬಳಿದ್ವಿ. ಸೆಲ್ಫ್ ಹೊಡೆದಾಗ 3.9 ಇದ್ದದ್ದು 0.1ಕ್ಕೆ ಬಂತು. ಗಾಡಿ ಒಂದೇ ಏಟಿಗೆ ಎದ್ದಿತು.

ಈಗ ಜಗಳಕ್ಕೆ ಬರೋಣ.

ಇದನ್ನ ಆಫೀಸಿನಲ್ಲಿ ಹೇಳಿದಾಗ ನನ್ನ ಟೀಮಿನವರು ಬಿದ್ದು ಬಿದ್ದು ನಕ್ಕರು. ‘ನಿಮ್ಮೂರಿನ ಮೆಕ್ಯಾನಿಕ್ಕುಗಳೇ ಹಂಗೆ, ಬರೀ ಪಾರ್ಟು ಮಾರೋ ಕಳ್ಳರು.’ ಯಾರು ನಕ್ಕರು? ಸರ್ವರ್ ನಿಧಾನ ಆದರೆ ಲಾಗ್ ತೆಗೆದು ನೋಡದೇ ಮೂರು ಸಲ ರೀಸ್ಟಾರ್ಟ್ ಹೊಡೆಯೋರು. ಮೆಮೊರಿ ಸಾಲದು ಅಂತ ಡಬಲ್ ಮಾಡಿ, ಆಮೇಲೆ ಅದೂ ಸಾಲದು ಅಂತ ಇನ್ನೊಂದು ಮೆಷಿನ್ ಹಾಕಿಸೋರು. ನಾನೂ ಅದೇ ಗುಂಪಿನವನು, ಬೇರೆಯವನಲ್ಲ. ಅಳೆಯದೆ ಬದಲಾಯಿಸೋದು ಗಂಗಾವತಿಯ ರೋಗ ಅಲ್ಲ, ಏರ್ ಕಂಡೀಷನ್ ರೂಮಿನಲ್ಲೂ ಅದೇ ರೋಗ. ನಮ್ಮ ಬ್ಯಾಟರಿಯ ಬಿಲ್ಲನ್ನ ಕಂಪನಿ ಕಟ್ಟುತ್ತೆ, ಮಾಮಾನದ್ದನ್ನ ಮಾಮಾ ಕಟ್ಟಬೇಕು. ವ್ಯತ್ಯಾಸ ಅಷ್ಟೇ.

ಇನ್ನೊಂದು ಕಡೆಯವರಿದ್ದಾರೆ. ನಮ್ಮ ಬ್ಲಾಗಿಗರಲ್ಲೇ ಜಾಸ್ತಿ. ಇವರಿಗೆ ಹಳ್ಳಿಯ ಮೆಕ್ಯಾನಿಕ್ ಅಂದರೆ ಋಷಿ. ಸದ್ದು ಕೇಳಿಯೇ ರೋಗ ಹೇಳ್ತಾನೆ, ಕೈಗುಣ, ಪರಂಪರೆಯ ಜ್ಞಾನ ಅಂತೆಲ್ಲ ಪ್ಯಾರಾಗಟ್ಟಲೆ ಬರೀತಾರೆ. ಇಂಜಿನ್ನಿನ ಸದ್ದು ಕೇಳಿ ಬೇರಿಂಗ್ ಹೋಗಿದೆ ಅನ್ನೋದು ನಿಜವಾದ ವಿದ್ಯೆ, ಒಪ್ತೀನಿ. ಆದರೆ 3.9 ವೋಲ್ಟಿಗೆ ಸದ್ದಿಲ್ಲ, ವಾಸನೆ ಇಲ್ಲ. ಈ ಕೈಗುಣದ ಹೆಸರಿನಲ್ಲಿ ಏನೇನು ನಡೆಯುತ್ತೆ ಗೊತ್ತಾ? ಡೈನಮೊ ಚಾರ್ಜ್ ಮಾಡ್ತಿದೆಯಾ ನೋಡೋಕೆ ಇಂಜಿನ್ ಓಡ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡ್ತಾರೆ. ಹಿಂದೆ ನಿಜವಾದ ಡೈನಮೊ ಇದ್ದ ಕಾಲದ ಪರೀಕ್ಷೆ ಅದು. ಈಗ ಇರೋದು ಆಲ್ಟರ್ನೇಟರ್, ಹೆಸರು ಮಾತ್ರ ನಮ್ಮ ಬಾಯಲ್ಲಿ ಡೈನಮೊ ಆಗೇ ಉಳಿದಿದೆ. ಚಾರ್ಜ್ ಆಗ್ತಿರುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜು ಕ್ಷಣದಲ್ಲಿ ಹತ್ತಾರು ವೋಲ್ಟ್ ಜಿಗಿಯುತ್ತೆ. ಡಯೋಡ್ ಸುಡಬಹುದು. ಹೊಸ ಗಾಡಿಯಾದ್ರೆ ಇಸಿಯು ಕೂಡ. ಫ್ಯೂಜ್ ಪದೇ ಪದೇ ಹೋಗ್ತಿದ್ರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು ಇನ್ನೊಂದು ಪರಂಪರೆ. ತಲಾ 55 ವ್ಯಾಟಿನ ಎರಡು ಎಕ್ಸ್‌ಟ್ರಾ ಲೈಟು ಅಂದರೆ ಒಂಬತ್ತು ಆಂಪ್‌ಗೂ ಮೇಲೆ. ಅದನ್ನ ಪಾರ್ಕಿಂಗ್ ಲೈಟಿನ ಕೂದಲೆಳೆ ವೈರಿಗೆ ಹಲ್ಲಿನಿಂದ ಕಡಿದು ಸುತ್ತಿ ಜೋಡಿಸಿದ ಗಾಡಿ ಎಷ್ಟು ಬೇಕು ನಿಮಗೆ? ಹತ್ತಿರದ ಯಾವ ಮಿಲ್ಲಿನ ಮುಂದೆ ಬೇಕಾದ್ರೂ ನಿಂತು ನೋಡಿ.

ಹಾಗಂತ ಆ ಹುಡುಗನನ್ನ ಬೈಯ್ಯೋಕೂ ಮನಸ್ಸು ಬರಲ್ಲ. ಸಂಜೆ ಮೀಟರ್ ಹಿಡಿದುಕೊಂಡೇ ಅಂಗಡಿಗೆ ಹೋದೆ, ಸುಳ್ಳು ಯಾಕೆ ಹೇಳಲಿ, ಜಗಳ ಆಡೋಕೇ ಹೋದದ್ದು. ಇಪ್ಪತ್ತೆರಡರ ಹುಡುಗ. ಎಲ್ಲಾ ಕೇಳಿದ. ಆಮೇಲೆ ಡ್ರಾವರ್ ಎಳೆದು ಒಂದು ಮಲ್ಟಿಮೀಟರ್ ತೆಗೆದು ಟೇಬಲ್ ಮೇಲಿಟ್ಟ. ನನ್ನದಕ್ಕಿಂತ ಚೆನ್ನಾಗಿರೋದು!

“ಐತಲ್ರೀ ಸರ್ರ. ನಾನೂ ಆ ಪಟ್ಟಿ ಚೆಕ್ ಮಾಡೀನಿ. ಬಜರ್ ಕೂಗ್ತು.”

ಕೂಗುತ್ತೆ. ಕೂಗಲೇಬೇಕು. ಮೀಟರಿನ ಬಜರು ವೈರಿನಲ್ಲಿ ಹರಿಸೋದು ಒಂದು ಮಿಲಿ ಆಂಪ್ ಆಸುಪಾಸಿನ ಕರೆಂಟು. ಅಷ್ಟನ್ನ ಹೊರೋಕೆ ಒಂದು ಎಳೆ ಸಾಕು. ಸೆಲ್ಫಿಗೆ ಬೇಕಾದದ್ದು ನೂರು, ಇನ್ನೂರು ಆಂಪ್. ಕೊಳೆತ ಪಟ್ಟಿಯ ರೆಸಿಸ್ಟೆನ್ಸು ಲೆಕ್ಕ ಹಾಕಿದರೆ ಬರೀ 0.03 ಓಮ್ ಆಸುಪಾಸು. ನಾನೂರು ರೂಪಾಯಿ ಮೀಟರ್ ಅದನ್ನ ಸೊನ್ನೆ ಅಂತಲೇ ತೋರಿಸುತ್ತೆ. ಹಗ್ಗದ ಸೇತುವೆ ಮೇಲೆ ಇರುವೆ ದಾಟಿತು ಅಂತ ಎತ್ತಿನಗಾಡಿ ಬಿಡೋಕಾಗುತ್ತಾ? ಭಾರ ಹೊತ್ತಿರುವಾಗಲೇ ಅಳೀಬೇಕು, ಓಮ್ ಅಲ್ಲ ವೋಲ್ಟು. ಅದನ್ನ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೋರಿಸಿದೆ. ಎರಡೇ ನಿಮಿಷ ಬೇಕಾಯ್ತು ಅವನಿಗೆ. ನನಗೆ ಎರಡು ರಾತ್ರಿ ಬೇಕಾಗಿತ್ತು.

ಆಮೇಲೆ ಅವನು ಒಂದು ಮಾತು ಅಂದ, ಅದು ಇನ್ನೂ ಕಿವಿಯಲ್ಲಿದೆ. “ಸರ್ರ, ನಿಮ್ ಮಾಮಾರಿಗೆ ನಾ ಅರ್ಧ ದಿನ ಗಾಡಿ ತೆಳಗ ಮಕ್ಕೊಂಡು ಮೀಟರ್ ಹಿಡ್ದು ನೋಡಿ, ಐದ್ನೂರು ಕೊಡ್ರಿ ಅಂದ್ರ ಕೊಡ್ತಾರೇನ್ರಿ? ಏನ್ ಹಾಕಿ ಅಂತ ಕೇಳ್ತಾರ. ಬ್ಯಾಟ್ರಿ ಹಾಕಿದ್ರ ಸುಮ್ನ ಕೊಡ್ತಾರ.”

ಮಾಮಾನಿಗೆ ಕೇಳಿದೆ. ಮಾಮಾ ನಕ್ಕ, ಉತ್ತರ ಕೊಡಲಿಲ್ಲ.

ಸ್ನೇಹಿತರೇ, ನನ್ನ ಸಿಟ್ಟು ಇಲ್ಲಿದೆ. ರೋಗ ಹುಡುಕುವ ಕೆಲಸಕ್ಕೆ ನಾವು ಬೆಲೆಯನ್ನೇ ಕೊಡೋದಿಲ್ಲ. ಕೈಗೆ ಸಿಗುವ, ಡಬ್ಬಿಯಲ್ಲಿ ಬರುವ, ಹೊಳೆಯುವ ವಸ್ತು ಇದ್ದರೆ ಮಾತ್ರ ದುಡ್ಡು. 180 ರೂಪಾಯಿ ಪಟ್ಟಿಯಲ್ಲಿ ಹುಡುಗನಿಗೆ ಉಳಿಯೋದೆಷ್ಟು? ಇಪ್ಪತ್ತೋ ಮೂವತ್ತೋ. ಬ್ಯಾಟರಿಯಲ್ಲಿ ಉಳಿಯೋದು ಅದಕ್ಕಿಂತ ಎಷ್ಟೋ ಪಾಲು. ಅಳೆದವನು ನಷ್ಟ ಮಾಡಿಕೊಳ್ಳುವ, ಬದಲಾಯಿಸಿದವನು ಲಾಭ ಮಾಡುವ ವ್ಯವಸ್ಥೆ ಕಟ್ಟಿದ್ದು ಗಿರಾಕಿಗಳಾದ ನಾವು. ಕಟ್ಟಿ, ಆಮೇಲೆ ಅವನನ್ನ ಕಳ್ಳ ಅಂತೀವಿ.

‘ಕಂಪನಿ ಸರ್ವೀಸ್ ಸೆಂಟರಿಗೇ ಹೋಗಬೇಕಿತ್ತು’ ಅನ್ನೋರಿಗೂ ಒಂದು ಮಾತು. ಯಲಬುರ್ಗಾದ ಒಂದು ಹಳ್ಳಿಯ ಹೊಲದಲ್ಲಿ ನಿಂತ ಗಾಡಿಯನ್ನ ಅಲ್ಲಿಗೆ ಒಯ್ಯೋದು ಹೇಗೆ? ಎಳೆಸಿಕೊಂಡು ಹೋಗೋ ಖರ್ಚು, ಎರಡು ದಿನದ ಬಾಡಿಗೆ ನಷ್ಟ. ರೈತನ ಮಾಲು ಎರಡು ದಿನ ಕಾಯೋದಿಲ್ಲ. ಹೆದ್ದಾರಿ 50 ಕುಷ್ಟಗಿಯಲ್ಲೂ ಹೆದ್ದಾರಿ 67 ಕೊಪ್ಪಳದಲ್ಲೂ ಹಾದುಹೋಗುತ್ತೆ ನಿಜ, ಆದರೆ ಗಾಡಿ ಕೆಡೋದು ಯಾವಾಗಲೂ ಹೆದ್ದಾರಿಯಿಂದ ಹದಿನೈದು ಕಿಲೋಮೀಟರ್ ಒಳಗೆ, ರಾತ್ರಿ. ಅಲ್ಲಿಗೆ ಬೈಕಿನಲ್ಲಿ ಬರೋನು ಆ ಅಂಗಡಿ ಹುಡುಗನೇ.

ಮಾಮಾನದ್ದು ಹಳೇ ಗಾಡಿ, ಹಾಗಾಗಿ ನಾನು ಬಚಾವ್. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದಮೇಲಿನ ಪಿಕಪ್ ಆಗಿದ್ದರೆ? ಸೆನ್ಸರುಗಳು, ಇಸಿಯು, ಅವುಗಳ ನಡುವೆ ಓಡಾಡುವ ಡೇಟಾ. ಅಲ್ಲಿ ಒಂದು ಕೆಟ್ಟ ಅರ್ಥಿಂಗು ಹತ್ತು ಬೇರೆ ಬೇರೆ ಸುಳ್ಳು ಕೋಡ್ ಎಬ್ಬಿಸಬಲ್ಲದು. ಅಗ್ಗದ ಸ್ಕ್ಯಾನರ್ ಒಂದಷ್ಟು ಕೋಡ್ ಓದುತ್ತೆ. ಆದರೆ ಯಾವ ಪಿನ್ನಿಗೆ ಯಾವ ಬಣ್ಣದ ವೈರು, ಅಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನೋ ವೈರಿಂಗ್ ಡಯಾಗ್ರಮ್ಮು? ಅದು ಕಂಪನಿಯ ಕಪಾಟಿನಲ್ಲಿ. ನಮ್ಮ ಹುಡುಗನ ಹತ್ತಿರ ಇರೋದು ವಾಟ್ಸಾಪಿನಲ್ಲಿ ಯಾರೋ ಕಳಿಸಿದ, ಅರ್ಧ ಕತ್ತರಿಸಿಹೋದ ಒಂದು ಫೋಟೊ. ಅದೂ ಇಂಗ್ಲಿಷಿನಲ್ಲಿ.

ಇದು ಹೊಸ ಜಗಳವೇನಲ್ಲ. ಬಿಡಿಭಾಗ, ಡಯಾಗ್ನೋಸ್ಟಿಕ್ ಸಾಧನಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಪುರಾಣ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 2012ರಲ್ಲೇ ಗಾಡಿ ರಿಪೇರಿಯ ಹಕ್ಕಿಗೆ ಕಾನೂನು ಮಾಡಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ಲನ್ನೂ ತೆರೆಯಿತು. ಮೊಬೈಲು, ಕೃಷಿ ಯಂತ್ರ, ಮನೆಯ ಉಪಕರಣ, ವಾಹನ, ನಾಲ್ಕೂ ಅದರಲ್ಲಿವೆ. ಒಳ್ಳೇದೇ. ಆದರೆ ಪೋರ್ಟಲ್ಲು ಅನ್ನೋದು ಕಾನೂನಲ್ಲ. ನನ್ನ ಬೇಡಿಕೆ ಬಹಳ ಸಣ್ಣದು: ಗಾಡಿ ಮಾರಿದ ಮೇಲೆ ಅದರ ವೈರಿಂಗ್ ನಕ್ಷೆ ಗಾಡಿಯ ಜೊತೆಗೇ ಬರಬೇಕು, ಮಾರಿದ ಊರಿನ ಭಾಷೆಯಲ್ಲಿ. ಹೊಲ ಕೊಂಡವನಿಗೆ ನಕಾಶೆ ಕೊಡದೆ ಇರ್ತಾರಾ?

ಈಗ ನಿಮ್ಮ ಪಾಲು. ಮೊದಲೇ ಹೇಳಿದ್ದೆ ತಾನೆ? ಎರಡು ರಾತ್ರಿ ಕೂತು ಓದಿದೆ ಅಂದೆನಲ್ಲ, ಎಲ್ಲಾ ಇಂಗ್ಲಿಷಿನಲ್ಲಿ ಓದಿದ್ದು. ಕನ್ನಡದಲ್ಲಿ ‘ವೋಲ್ಟೇಜ್ ಡ್ರಾಪ್’ ಅಂತ ಹುಡುಕಿದರೆ ನನಗೆ ಸಿಕ್ಕಿದ್ದು ಪರೀಕ್ಷೆಯ ನೋಟ್ಸು. ಯುನಿಕೋಡ್ ಬಂದಾಗ ನಮ್ಮ ಹಿರಿಯ ಬ್ಲಾಗಿಗರು ಎಷ್ಟು ಕುಣಿದಾಡಿದ್ದರು, ಇನ್ನು ಕನ್ನಡದಲ್ಲಿ ಎಲ್ಲಾ ಬರೀಬಹುದು ಅಂತ. ಬರೆದೆವು. ಕವಿತೆ ಬರೆದೆವು, ಊರಿನ ನೆನಪು ಬರೆದೆವು, ಕನ್ನಡ ಉಳಿಸಿ ಅಂತ ಕನ್ನಡದಲ್ಲೇ ಬರೆದುಕೊಂಡು ನಾವೇ ಓದಿದೆವು. ಅಕ್ಷರ ಬಲ್ಲ, ಕೆಲಸ ಬಲ್ಲ, ಕನ್ನಡ ಮಾತ್ರ ಓದಬಲ್ಲ ಗಂಗಾವತಿಯ ಆ ಹುಡುಗನಿಗೆ ಬೇಕಾದ ಒಂದು ಪುಟ ನಾವು ಬರೆಯಲಿಲ್ಲ. ನಮ್ಮಲ್ಲಿ ಎಲೆಕ್ಟ್ರಿಕಲ್ ಓದಿದೋರು ಎಷ್ಟು ಜನ ಇಲ್ಲ? ‘ವಿಭವಾಂತರ’, ‘ವಿದ್ಯುತ್ ರೋಧ’ ಅಂತ ಶುರು ಮಾಡಿದರೆ ಅವನು ಓಡಿಹೋಗ್ತಾನೆ, ಅದೂ ಗೊತ್ತಿರಲಿ. ಅವನ ಬಾಯಲ್ಲಿ ಇರೋದು ಸೆಲ್ಫು, ಡೈನಮೊ, ಅರ್ಥಿಂಗು, ಕಟೌಟು. ಆ ಮಾತಿನಲ್ಲೇ ಬರೀಬೇಕು. ಅದೂ ಕನ್ನಡವೇ.

ನಾನು ಶುರು ಮಾಡಿದ್ದೇನೆ. ಒಂದೇ ಹಾಳೆ, ಎರಡು ಬದಿ. ಬ್ಯಾಟರಿ ಕಂಬದಲ್ಲಿ ಎಷ್ಟಿರಬೇಕು, ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇಲ್ಲದಿದ್ದರೆ ಎಲ್ಲೆಲ್ಲಿ ಕಡ್ಡಿ ಇಡಬೇಕು, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಇಳಿದಿದ್ದರೆ ಮೈನಸ್ ಕೇಬಲ್ಲಿನ ಸಾಲಿನಲ್ಲಿ ಮೀಟರ್ ಸೇರಿಸಿ 50 ಮಿಲಿ ಆಂಪ್‌ಗಿಂತ ಜಾಸ್ತಿ ಹರೀತಿದೆಯಾ ನೋಡೋದು ಹೇಗೆ (ಆಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಮೀಟರ್ ಸುಟ್ಟುಹೋಗುತ್ತೆ, ಒಂದು ಸುಟ್ಟುಕೊಂಡೇ ಕಲಿತೆ). ಹುಡುಗನಿಗೆ ಕಳಿಸಿದೆ. ಎರಡು ತಪ್ಪು ತಿದ್ದಿ ವಾಪಸ್ ಕಳಿಸಿದ್ದಾನೆ. ಲಾರಿಯವರ 24 ವೋಲ್ಟಿನದ್ದೂ ಬರೀರಿ ಅಂದಿದ್ದಾನೆ, ಅದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ಕೆಳಗೆ ಕಾಮೆಂಟಿನಲ್ಲಿ ತಿಳಿಸಿ.

ನಿನ್ನೆ ರಾತ್ರಿ ಮಾಮಾನ ಫೋನು ಬಂತು. ಎಡಗಡೆ ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟೂ ಮಿಣಮಿಣ ಅಂತಿದೆಯಂತೆ. ನಾನು ದೊಡ್ಡ ಪಂಡಿತನ ಹಾಗೆ, “ಹಿಂದಿನ ಲೈಟಿನ ಅರ್ಥ್ ನೋಡ್ಸು ಮಾಮಾ, ಬಾಡಿಗೂ ಬಲ್ಬಿನ ಹೋಲ್ಡರಿಗೂ ನಡುವ ಎಷ್ಟ್ ವೋಲ್ಟ್ ಐತಿ” ಅಂತ ಶುರು ಮಾಡಿದೆ.

“ನೋಡ್ಯಾನ ಆ ಹುಡ್ಗ, ಎಂಟು ಬರ್ತೈತಿ. ಬೋಲ್ಟ್ ತಿಕ್ಕಾಕ ಹತ್ಯಾನ. ಮುನ್ನೂರು ಕೇಳ್ಯಾನ, ಜಾಸ್ತಿ ಆತು ಅಲ್ಲ?”

ಕೊಡು ಮಾಮಾ ಅಂದೆ.